ಪುಟ್ಟ ದ್ವೀಪಗಳ ನೆನಪಿನ ನೋಟುಗಳು

ಪೀಠಿಕೆ

ಹವ್ಯಾಸಗಳಲ್ಲಿ ಅನೇಕ ವಿಧ. ಅಂಚೆಚೀಟಿ ಸಂಗ್ರಹ, ನಾಣ್ಯ ಸಂಗ್ರಹ, ಬೆಂಕಿಪೊಟ್ಟಣದ ಚಿತ್ರ ಸಂಗ್ರಹ ಇವೆಲ್ಲ ನಿಮಗೆ ಗೊತ್ತೇ ಇದೆ. ನಾನು ಈ ಸಲ ನೋಟು ಸಂಗ್ರಹದ ಬಗ್ಗೆ ಬರೆಯುತ್ತೇನೆ. ಎಲ್ಲ ನೋಟುಗಳ ಬಗ್ಗೆ ಬರೆದರೆ ನಮ್ಮ ಭಿತ್ತಿಪತ್ರಿಕೆಯ ಗೋಡೆ ಸಾಲುವುದಿಲ್ಲ. ಆದ್ದರಿಂದ ಸಮುದ್ರದ ನಡುವೆ ಇರುವ ಪುಟ್ಟ ದ್ವೀಪಗಳು ಯಾವುದೋ ಒಂದು ಘಟನೆಯ ನೆನಪಿಗೆ ಹೊರಡಿಸುವ ನೋಟುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ನನ್ನ ಸೋದರಮಾವ ಹಡಗಿನ ಇಂಜಿನ್ ರೂಮಿನಲ್ಲಿ ಕೆಲಸ ಮಾಡುತ್ತಾರೆ. ವರ್ಷಕ್ಕೊಮ್ಮೆ ಊರಿಗೆ ಬರುತ್ತಾರೆ. ಅವರು ತಂದುಕೊಟ್ಟ ನೋಟುಗಳು, ಅವರ ಹತ್ತಿರ ಇರುವ ಪುಸ್ತಕ, ನಮ್ಮ ಶಾಲೆಯ ಅಟ್ಲಾಸ್, ಇವುಗಳಿಂದ ನಾನು ಕಲಿತದ್ದು ಇಲ್ಲಿದೆ. ಓದುವಾಗ ಅಟ್ಲಾಸನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಕೆಲವು ದ್ವೀಪಗಳು ಅದರಲ್ಲಿ ಸಾಸಿವೆ ಕಾಳಿನಷ್ಟು ಕೂಡ ಇಲ್ಲ!

ಸ್ಮರಣಾರ್ಥ ನೋಟು ಎಂದರೇನು?

ಒಂದು ಘಟನೆ ನಡೆದು 50, 100 ಅಥವಾ 500 ವರ್ಷ ತುಂಬಿದಾಗ, ಅಥವಾ ದೊಡ್ಡ ಉತ್ಸವ ನಡೆದಾಗ, ಸರ್ಕಾರ ವಿಶೇಷ ನೋಟು ಹೊರಡಿಸುವುದುಂಟು. ಇದಕ್ಕೆ ಸ್ಮರಣಾರ್ಥ ನೋಟು ಎನ್ನುತ್ತಾರೆ. ನಮ್ಮ ದೇಶದಲ್ಲೂ ಹೀಗೆ ಆಗಿದೆ. 1969ರಲ್ಲಿ ಗಾಂಧೀಜಿಯವರ ಜನ್ಮಶತಾಬ್ದಿಗೆ 1, 2, 5, 10 ಮತ್ತು 100 ರೂಪಾಯಿಯ ವಿಶೇಷ ನೋಟುಗಳು ಬಂದವು. ಒಂದು ರೂಪಾಯಿಯದನ್ನು ಬಿಟ್ಟರೆ ಉಳಿದವುಗಳಲ್ಲಿ ಗಾಂಧೀಜಿ ಕುಳಿತಿದ್ದಾರೆ, ಹಿಂದೆ ಸೇವಾಗ್ರಾಮ ಆಶ್ರಮ ಇದೆ.

ಇನ್ನು ಕೆಲವು ದ್ವೀಪಗಳು ಪೂರ್ತಿ ಸ್ವತಂತ್ರ ದೇಶಗಳಲ್ಲ. ಅವುಗಳ ರಕ್ಷಣೆಯನ್ನು ಬೇರೊಂದು ದೊಡ್ಡ ದೇಶ ನೋಡಿಕೊಳ್ಳುತ್ತದೆ. ಆದರೆ ಊರಿನ ಆಡಳಿತ, ಕಾನೂನು ಅವರದ್ದೇ. ಕೆಲವರಿಗೆ ನೋಟು ಕೂಡ ಅವರದ್ದೇ ಇದೆ. ಇಷ್ಟು ಸಣ್ಣ ಜಾಗಕ್ಕೆ ಬೇರೆ ನೋಟು ಯಾಕಪ್ಪಾ ಅಂತ ನನಗೂ ಅನಿಸಿತ್ತು. ಒಂದೊಂದಾಗಿ ನೋಡೋಣ.

1. ಜೆರ್ಸಿ: ಬಿಡುಗಡೆಯ ನೆನಪು

ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಕಡಲಿನಲ್ಲಿ, ಫ್ರಾನ್ಸಿಗೆ ಹತ್ತಿರವಾಗಿ ಜೆರ್ಸಿ ಇದೆ. ಉದ್ದ ಸುಮಾರು 14 ಕಿ.ಮೀ., ಅಗಲ ಸುಮಾರು 8 ಕಿ.ಮೀ. ಅಷ್ಟೇ. ನಾವು ಕೇಳಿರುವ ಜೆರ್ಸಿ ಆಕಳು ಇದೇ ಊರಿನದು. ಇದು ಬ್ರಿಟನ್ನಿನ ರಾಜರಿಗೆ ಸೇರಿದೆ, ಆದರೆ ಶಾಸನಸಭೆ ಅವರದ್ದೇ.

ಎರಡನೇ ಮಹಾಯುದ್ಧದಲ್ಲಿ, 1940ರ ಜುಲೈ ತಿಂಗಳಲ್ಲಿ ಜರ್ಮನ್ ಸೈನ್ಯ ಜೆರ್ಸಿಯನ್ನು ಹಿಡಿದುಕೊಂಡಿತು. ಸುಮಾರು ಐದು ವರ್ಷ ಜನರು ಅವರ ಕೈಕೆಳಗೆ ಬದುಕಿದರು. ಆಗ ಒಂದು ವಿಚಿತ್ರ ತೊಂದರೆ ಬಂತು. ಅಂಗಡಿಗಳಲ್ಲಿ ಚಿಲ್ಲರೆಯೇ ಸಿಗಲಿಲ್ಲ. ಅದಕ್ಕೆ ಒಂದು ಕಾರಣ ಏನು ಗೊತ್ತಾ? ಸೈನಿಕರು ಅಲ್ಲಿನ ನಾಣ್ಯಗಳನ್ನು ನೆನಪಿಗೆಂದು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಅವರಿಗೆ ಅದು ಸಂಗ್ರಹ. ಊರಿನವರಿಗೆ ರೊಟ್ಟಿ ಕೊಳ್ಳಲು ಚಿಲ್ಲರೆ ಇಲ್ಲ! ಸಂಗ್ರಹ ಮಾಡುವ ನಾವೆಲ್ಲ ಈ ಮಾತನ್ನು ನೆನಪಿಡಬೇಕು.

1941ರ ಏಪ್ರಿಲ್‌ನಲ್ಲಿ ಜೆರ್ಸಿಯಲ್ಲಿ ಕಾನೂನು ಮಾಡಿ ಸಣ್ಣ ಬೆಲೆಯ ನೋಟು ಹೊರಡಿಸಲು ಶುರು ಮಾಡಿದರು. ಅದೇ ಊರಿನ ಚಿತ್ರಕಾರ ಎಡ್ಮಂಡ್ ಬ್ಲಾಂಪೀಡ್ ನೋಟುಗಳ ಚಿತ್ರ ಬರೆದರು. ಆರು ಪೆನ್ನಿಯ ನೋಟಿನಲ್ಲಿ ಅವರು ಜಾಣತನ ಮಾಡಿದರು. ಇಂಗ್ಲಿಷಿನಲ್ಲಿ ಆರು ಎಂದು ಬರೆದರೆ ಕೊನೆಯ ಅಕ್ಷರ ಎಕ್ಸ್ ತಾನೇ? ನೋಟಿನ ಹಿಂದೆ ಆ ಎಕ್ಸ್ ಅಕ್ಷರವನ್ನು ಎದ್ದು ಕಾಣುವಂತೆ ಬರೆದರು. ನೋಟನ್ನು ಮಡಚಿದರೆ ಎಕ್ಸ್ ಅರ್ಧವಾಗಿ ವಿ ಅಕ್ಷರ ಕಾಣುತ್ತದೆ. ವಿ ಅಂದರೆ ವಿಕ್ಟರಿ, ಗೆಲುವು. ಶತ್ರು ಸೈನಿಕರ ಕಣ್ಣೆದುರಿಗೇ ಜನರು ನೋಟು ಮಡಚಿ ಗೆಲುವಿನ ಗುರುತು ಮಾಡಬಹುದಿತ್ತು. ನೀವು ಕಾಗದದಲ್ಲಿ ಎಕ್ಸ್ ಬರೆದು ಅಡ್ಡಕ್ಕೆ ಮಡಚಿ ನೋಡಿ.

1945ರ ಮೇ 9ರಂದು ಜೆರ್ಸಿಗೆ ಬಿಡುಗಡೆ ಆಯಿತು. ಅದಕ್ಕೆ 50 ವರ್ಷ ತುಂಬಿದ 1995ರಲ್ಲಿ ಒಂದು ಪೌಂಡಿನ ಸ್ಮರಣಾರ್ಥ ನೋಟು ಬಂತು. ಮುಂಬದಿಯಲ್ಲಿ ಎರಡನೇ ಎಲಿಜಬೆತ್ ರಾಣಿಯ ಚಿತ್ರ. ಹಿಂಬದಿಯಲ್ಲಿ ಯುದ್ಧಕಾಲದ ಒಂದು ಪೌಂಡ್ ನೋಟಿನ ಚಿತ್ರ. ಆ ಹಳೇ ನೋಟಿನಲ್ಲಿ ಬ್ಲಾಂಪೀಡ್ ಅವರು ರಾಜರನ್ನು ಬರೆಯಲಿಲ್ಲ, ಕಡಲತೀರದಲ್ಲಿ ಗಾಡಿಗೆ ಪಾಚಿ ತುಂಬುವ ರೈತರನ್ನು ಬರೆದರು. ಅಲ್ಲಿ ಸಮುದ್ರದ ಪಾಚಿಯನ್ನು ಗದ್ದೆಗೆ ಗೊಬ್ಬರವಾಗಿ ಹಾಕುತ್ತಿದ್ದರು. ನೋಟಿನೊಳಗೆ ಇನ್ನೊಂದು ನೋಟು! ಇದು ನನ್ನ ಸಂಗ್ರಹದಲ್ಲಿ ಇದೆ. ಮಾವನಿಗೆ ಹಡಗಿನ ಜೊತೆಗಾರರೊಬ್ಬರು ಕೊಟ್ಟದ್ದು.

ಜೆರ್ಸಿ 2004ರಲ್ಲೂ ಒಂದು ಪೌಂಡಿನ ಸ್ಮರಣಾರ್ಥ ನೋಟು ಹೊರಡಿಸಿತು. 1204ರಲ್ಲಿ ಇಂಗ್ಲೆಂಡಿನ ರಾಜ ಜಾನ್ ನಾರ್ಮಂಡಿಯನ್ನು ಕಳೆದುಕೊಂಡಾಗಲೂ ಈ ದ್ವೀಪ ಅವನ ಕಡೆಗೇ ಉಳಿಯಿತು. ಅದಕ್ಕೆ 800 ವರ್ಷ ತುಂಬಿದ ನೆನಪು ಅದು. 2012ರಲ್ಲಿ ರಾಣಿಯ ಆಳ್ವಿಕೆಗೆ 60 ವರ್ಷವಾದಾಗ 100 ಪೌಂಡಿನ ನೋಟು ಬಂತು.

2. ಗರ್ನ್‌ಸಿ: ನೋಟು ಅಚ್ಚು ಹಾಕುವವನ ಊರು

ಜೆರ್ಸಿಯ ಪಕ್ಕದ ದ್ವೀಪ ಗರ್ನ್‌ಸಿ. 1816ರಲ್ಲಿ ಇಲ್ಲಿಯ ಸರ್ಕಾರದ ಹತ್ತಿರ ರಸ್ತೆ ಮುಂತಾದ ಕೆಲಸಗಳಿಗೆ ಹಣ ಇರಲಿಲ್ಲ. ಸಾಲ ಮಾಡಿದರೆ ಬಡ್ಡಿ ಕಟ್ಟಬೇಕು. ಅದಕ್ಕೆ ಅವರು 4,000 ಪೌಂಡ್ ಬೆಲೆಯ ನೋಟುಗಳನ್ನು ತಾವೇ ಹೊರಡಿಸಿದರು. ಮುಂದೆ ತೆರಿಗೆ ಬಂದ ಹಾಗೆ ನೋಟನ್ನು ವಾಪಸು ಪಡೆಯುವುದು ಅಂತ ಲೆಕ್ಕ.

ಥಾಮಸ್ ಡಿ ಲಾ ರೂ ಎಂಬವರು 1793ರಲ್ಲಿ ಇದೇ ದ್ವೀಪದಲ್ಲಿ ಹುಟ್ಟಿದರು. ಮೊದಲು ಪತ್ರಿಕೆ ಅಚ್ಚು ಹಾಕಿದರು. ಆಮೇಲೆ ಲಂಡನ್ನಿಗೆ ಹೋಗಿ ಇಸ್ಪೀಟು ಎಲೆ ಅಚ್ಚು ಹಾಕಿ ಹೆಸರು ಮಾಡಿದರು. ಅವರ ಕಂಪನಿ ಮುಂದೆ ಎಷ್ಟೋ ದೇಶಗಳ ನೋಟು, ಅಂಚೆಚೀಟಿ ಮುದ್ರಿಸಿತು. 1855ರಿಂದ ಭಾರತದ ಅಂಚೆಚೀಟಿಗಳನ್ನೂ ಅವರೇ ಮುದ್ರಿಸುತ್ತಿದ್ದರು. ನಾಸಿಕದಲ್ಲಿ ಮುದ್ರಣಾಲಯ ಆದ ಮೇಲೆ ಆ ಕೆಲಸ ನಮ್ಮ ದೇಶಕ್ಕೆ ಬಂತು. ಈಗ ನಮ್ಮ ಮೈಸೂರಿನಲ್ಲೇ ನೋಟು ಮುದ್ರಣಾಲಯ ಇದೆ. ಡಿ ಲಾ ರೂ ಅವರ ನೆನಪಿಗೆ 2013ರಲ್ಲಿ ಗರ್ನ್‌ಸಿ ಒಂದು ಪೌಂಡಿನ ಸ್ಮರಣಾರ್ಥ ನೋಟು ಹೊರಡಿಸಿತು.

3. ಕೇಮನ್ ದ್ವೀಪಗಳು: ಆಮೆಗಳ ಊರು

ಈಗ ಅಟ್ಲಾಂಟಿಕ್ ಸಾಗರ ದಾಟಿ ಕ್ಯೂಬಾ ದೇಶದ ದಕ್ಷಿಣಕ್ಕೆ ಬನ್ನಿ. ಅಲ್ಲಿ ಬ್ರಿಟನ್ನಿಗೆ ಸೇರಿದ ಕೇಮನ್ ಎಂಬ ಮೂರು ದ್ವೀಪಗಳಿವೆ. 1503ರ ಮೇ 10ರಂದು ಕೊಲಂಬಸ್ ತನ್ನ ನಾಲ್ಕನೇ ಯಾನದಲ್ಲಿ ಇವುಗಳಲ್ಲಿ ಎರಡನ್ನು ಕಂಡನು. ಎಲ್ಲಿ ನೋಡಿದರೂ ಆಮೆಗಳು! ಅದಕ್ಕೆ ಆಮೆಗಳು ಎಂಬ ಅರ್ಥದಲ್ಲಿ ಲಾಸ್ ಟೋರ್ಟುಗಾಸ್ ಎಂದು ಹೆಸರಿಟ್ಟನು. 500 ವರ್ಷ ತುಂಬಿದ 2003ರಲ್ಲಿ ಕೇಮನ್ ಒಂದು ಡಾಲರಿನ ಸ್ಮರಣಾರ್ಥ ನೋಟು ಹೊರಡಿಸಿತು. ಕೇಮನ್ ನೋಟನ್ನು ಬೆಳಕಿಗೆ ಹಿಡಿದರೆ, ನಮ್ಮ ನೋಟಿನಲ್ಲಿ ಗಾಂಧೀಜಿ ಕಾಣುವ ಹಾಗೆ, ಆಮೆ ಕಾಣುತ್ತದೆ. ಅವರ ಒಂದು ಡಾಲರಿಗೆ ಅಮೆರಿಕದ 1 ಡಾಲರ್ 20 ಸೆಂಟ್. ದ್ವೀಪ ಚಿಕ್ಕದು, ಡಾಲರ್ ದೊಡ್ಡದು!

4. ಕುಕ್ ದ್ವೀಪಗಳು: ಮೂರು ಡಾಲರಿನ ನೋಟು

ನಮ್ಮಲ್ಲಿ ಮೂರು ರೂಪಾಯಿಯ ನೋಟು ಕಂಡಿದ್ದೀರಾ? ಇಲ್ಲ. ಪೆಸಿಫಿಕ್ ಸಾಗರದ ಕುಕ್ ದ್ವೀಪಗಳಲ್ಲಿ ಮೂರು ಡಾಲರ್ ನೋಟು ಉಂಟು. ಇವು 15 ದ್ವೀಪಗಳು. ನ್ಯೂಜಿಲೆಂಡಿನ ಜೊತೆ ಸೇರಿಕೊಂಡು ತಮ್ಮ ಆಡಳಿತ ತಾವೇ ಮಾಡಿಕೊಳ್ಳುತ್ತಾರೆ.

1987ರ ಮೂರು ಡಾಲರ್ ನೋಟಿನಲ್ಲಿ ಈನಾ ಎಂಬ ಹುಡುಗಿ ಶಾರ್ಕ್ ಮೀನಿನ ಮೇಲೆ ಸವಾರಿ ಮಾಡುತ್ತಿದ್ದಾಳೆ. ಇದು ಅಲ್ಲಿನ ಅಜ್ಜಿಕಥೆ. ಈನಾ ಸಮುದ್ರದ ಒಡೆಯನಾದ ಟಿನಿರಾವು ಎಂಬವನನ್ನು ನೋಡಲು ಹೊರಟಳು. ಶಾರ್ಕ್ ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡಿತು. ದಾರಿಯಲ್ಲಿ ಬಾಯಾರಿಕೆ ಆಯಿತು. ಕೈಯಲ್ಲಿ ತೆಂಗಿನಕಾಯಿ ಇತ್ತು, ಒಡೆಯಲು ಕಲ್ಲು ಎಲ್ಲಿಂದ ಬರಬೇಕು? ಶಾರ್ಕಿನ ತಲೆಗೇ ಕುಟ್ಟಿದಳು! ಶಾರ್ಕಿಗೆ ಸಿಟ್ಟು ಬಂತು. ಶಾರ್ಕಿನ ತಲೆಯ ಮೇಲೆ ಬುಗುಟು ಬಂದದ್ದು ಆವತ್ತೇ ಅಂತೆ. ಈ ಕಥೆ ಹೇಳಿದಾಗ ನನ್ನ ತಮ್ಮ ನಗುನಗುತ್ತಾ ನಮ್ಮ ಮನೆಯ ಕಾಯಿ ಒಡೆಯುವ ಕಲ್ಲಿಗೆ ಶಾರ್ಕ್ ಅಂತಲೇ ಹೆಸರಿಟ್ಟ.

1992ರ ಅಕ್ಟೋಬರ್‌ನಲ್ಲಿ ಅಲ್ಲಿನ ದೊಡ್ಡ ದ್ವೀಪ ರಾರೋಟೋಂಗಾದಲ್ಲಿ 6ನೇ ಪೆಸಿಫಿಕ್ ಕಲಾ ಉತ್ಸವ ನಡೆಯಿತು. ಆಗ ಈ ನೋಟಿನ ಮೇಲೆಯೇ ಉತ್ಸವದ ಹೆಸರನ್ನು ಮತ್ತೊಮ್ಮೆ ಅಚ್ಚು ಹಾಕಿ ಸ್ಮರಣಾರ್ಥ ನೋಟು ಮಾಡಿದರು. ಇದಕ್ಕೆ ಮೇಲಚ್ಚು ಎನ್ನಬಹುದು. ಹೊಸ ನೋಟು ತಯಾರಿಸುವುದಕ್ಕಿಂತ ಇದರಲ್ಲಿ ಖರ್ಚು ಕಡಿಮೆ. 1995ರಲ್ಲಿ ಅಲ್ಲಿ ಹಣದ ಮುಗ್ಗಟ್ಟು ಬಂದು ತಮ್ಮ ನೋಟುಗಳನ್ನು ವಾಪಸು ಪಡೆದು ನ್ಯೂಜಿಲೆಂಡಿನ ನೋಟು ಬಳಸತೊಡಗಿದರು. ಮೂರು ಡಾಲರಿನ ನೋಟು ಮಾತ್ರ ಉಳಿಯಿತು. 2021ರಲ್ಲಿ ಹೊಸ ಪ್ಲಾಸ್ಟಿಕ್ ನೋಟಾಗಿ ಈನಾ ಮತ್ತೆ ಬಂದಳು.

5. ಫಾಕ್‌ಲ್ಯಾಂಡ್: ಒಂದೇ ಕಡೆಯ ಮಾತು

ದಕ್ಷಿಣ ಅಮೆರಿಕದ ತುದಿಯ ಹತ್ತಿರ ಫಾಕ್‌ಲ್ಯಾಂಡ್ ದ್ವೀಪಗಳಿವೆ. ಇವು ಬ್ರಿಟನ್ನಿನ ಆಡಳಿತದಲ್ಲಿವೆ. ಆದರೆ ಅರ್ಜೆಂಟೀನಾ ದೇಶ ಇವು ತನ್ನವು ಎನ್ನುತ್ತದೆ, ಮಾಲ್ವಿನಾಸ್ ಎಂದು ಕರೆಯುತ್ತದೆ. 1982ರ ಏಪ್ರಿಲ್‌ನಿಂದ ಜೂನ್‌ವರೆಗೆ ಇದಕ್ಕಾಗಿ ಯುದ್ಧವೇ ನಡೆಯಿತು. ಮರುವರ್ಷ, 1983ರಲ್ಲಿ, ಬ್ರಿಟಿಷರ ಆಡಳಿತಕ್ಕೆ 150 ವರ್ಷ ಆಯಿತೆಂದು (1833–1983) ಐದು ಪೌಂಡಿನ ಸ್ಮರಣಾರ್ಥ ನೋಟು ಹೊರಟಿತು.

ಇದರಿಂದ ತಿಳಿಯುವುದೇನೆಂದರೆ, ನೋಟು ಹೊರಡಿಸಿದವರು ತಮ್ಮ ಕಡೆಯ ನೆನಪನ್ನು ಮಾತ್ರ ಅಚ್ಚು ಹಾಕುತ್ತಾರೆ. ಅದೇ ವರ್ಷವನ್ನು ಅರ್ಜೆಂಟೀನಾದ ಮಕ್ಕಳು ಬೇರೆ ರೀತಿ ಕಲಿಯುತ್ತಾರೆ. ಆದ್ದರಿಂದ ನೋಟನ್ನು ನೋಡಿದ ಮೇಲೆ ಇತಿಹಾಸದ ಪುಸ್ತಕವನ್ನೂ ನೋಡಬೇಕು.

ದ್ವೀಪಕ್ಕೆ ಏನು ಲಾಭ?

ಒಂದು ಲೆಕ್ಕ ಮಾಡೋಣ. ಒಂದು ದ್ವೀಪದ ಸರ್ಕಾರ 100 ಡಾಲರಿನ ಒಂದು ನೋಟನ್ನು 2 ಡಾಲರ್ ಖರ್ಚಿನಲ್ಲಿ ಅಚ್ಚು ಹಾಕಿತು ಎಂದಿಟ್ಟುಕೊಳ್ಳಿ. ಸಂಗ್ರಹಕಾರನೊಬ್ಬ 100 ಡಾಲರ್ ಕೊಟ್ಟು ಅದನ್ನು ಕೊಂಡನು. ಅವನು ಅದನ್ನು ಅಂಗಡಿಗೆ ಕೊಟ್ಟರೆ ಒಂದು ದಿನ ನೋಟು ಸರ್ಕಾರಕ್ಕೆ ವಾಪಸು ಬರುತ್ತದೆ, ಸರ್ಕಾರ 100 ಡಾಲರ್ ಬೆಲೆ ಕೊಡಬೇಕು. ಆದರೆ ಅವನು ಅದನ್ನು ಆಲ್ಬಮ್ಮಿನಲ್ಲಿ ಇಟ್ಟುಕೊಂಡರೆ?

100 – 2 = 98 ಡಾಲರ್ ದ್ವೀಪದ ಹತ್ತಿರವೇ ಉಳಿಯಿತು!

ಜನ ಕಡಿಮೆ ಇರುವ ಜಾಗಕ್ಕೆ ಇದೂ ಒಂದು ಆದಾಯ. ಸಣ್ಣ ದ್ವೀಪಗಳು ಚೆಂದದ ನೋಟು, ನಾಣ್ಯ, ಅಂಚೆಚೀಟಿ ಮಾಡಲು ಇದೂ ಒಂದು ಕಾರಣ. ಅಂದರೆ ಪ್ರತಿ ನೋಟೂ ಒಂದು ಮಾತು. 'ಇದನ್ನು ತಂದುಕೊಟ್ಟರೆ ಬೆಲೆ ಕೊಡುತ್ತೇವೆ' ಎಂಬ ಮಾತು. ನಮ್ಮ ನೋಟಿನಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರ್ ಸಹಿ ಹಾಕಿ ಕೊಡುವುದು ಅದೇ ವಚನ. ಚಿತ್ರ ಎಷ್ಟು ಚೆಂದ ಇದ್ದರೂ ಆ ಮಾತು ಇಲ್ಲದಿದ್ದರೆ ಅದು ಹಣ ಅಲ್ಲ, ಬರೀ ಕಾಗದ.

ಆದರೆ ಆ ಮಾತು ಎಲ್ಲ ಕಡೆ ನಡೆಯುವುದಿಲ್ಲ. ಮಳೆಗಾಲದಲ್ಲಿ ಎರಡು ತಿಂಗಳು ಯಾಂತ್ರಿಕ ದೋಣಿ ಕಡಲಿಗೆ ಇಳಿಯುವ ಹಾಗಿಲ್ಲ. ಅಪ್ಪ ಬೋಟಿನಲ್ಲಿ ಕೆಲಸ ಮಾಡುವವರು. ಆಗ ಮನೆಯಲ್ಲಿ ಕೈ ಬಿಗಿ. ಕಳೆದ ಮಳೆಗಾಲದಲ್ಲಿ ಆಯಿ, "ನಿನ್ನ ಆ ಪೌಂಡ್ ನೋಟು ಕೊಟ್ರೆ ಎಷ್ಟಾದ್ರೂ ಬತ್ತದ್ಯೇನೆ?" ಅಂತ ಕೇಳಿದಳು. ನಾನೂ ಆಯಿಯೂ ಪೇಟೆಯ ಬ್ಯಾಂಕಿಗೆ ಹೋದೆವು. ಅಲ್ಲಿನ ಸಾಹೇಬರು ನೋಟನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದು ಜೆರ್ಸಿದು, ನಮ್ಮಲ್ಲಿ ಬದಲಾಯಿಸಲು ಬರುವುದಿಲ್ಲಮ್ಮ. ಇಂಗ್ಲೆಂಡಿನಲ್ಲೂ ಅಂಗಡಿಯವರು ತೆಗೆದುಕೊಳ್ಳಲೇಬೇಕು ಅಂತ ಕಾನೂನಿಲ್ಲ" ಎಂದು ಸಮಾಧಾನವಾಗಿ ಹೇಳಿದರು. ಆಯಿ ಏನೂ ಅನ್ನಲಿಲ್ಲ. ನೋಟನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು. ನನಗೆ ಆವತ್ತು ನೋಟು ಉಳಿಯಿತೆಂದು ಸಂತೋಷವೂ ಆಯಿತು, ಆಯಿಯ ಮುಖ ನೋಡಿ ಬೇಜಾರೂ ಆಯಿತು.

ಮನೆಗೆ ಬಂದಾಗ ಅಜ್ಜಿ ದೇವರ ಪೆಟ್ಟಿಗೆಯಿಂದ ಎರಡು ಹಳೇ 500 ರೂಪಾಯಿ ನೋಟು ತೆಗೆದು ತೋರಿಸಿದಳು. 2016ರ ನವೆಂಬರ್ 8ರಂದು ಹಳೇ 500 ಮತ್ತು 1000ದ ನೋಟು ರದ್ದಾದಾಗ ಅವು ಪೆಟ್ಟಿಗೆಯ ತಳದಲ್ಲಿ ಉಳಿದುಬಿಟ್ಟಿದ್ದವಂತೆ. ಸಿಕ್ಕಿದಾಗ ಬದಲಾಯಿಸುವ ದಿನ ಮುಗಿದಿತ್ತು. "ಒಳಗಿಟ್ಟ ದುಡ್ಡು ಹೊಟ್ಟೆ ತುಂಬ್ಸೂದಿಲ್ಲ ಮಗಾ" ಅಂದಳು. ಮಾವ ಫೋನಿನಲ್ಲಿ ಹೇಳಿದ್ದೂ ಅದೇ: "ಉಡುಗೊರೆ ಬಂದದ್ದು ಇಟ್ಟುಕೋ. ಮನೆ ಖರ್ಚಿನ ದುಡ್ಡಿನಲ್ಲಿ ನೋಟು ಕೊಳ್ಳಬೇಡ." ಇದು ನನ್ನ ಸಂಗ್ರಹದ ಮೊದಲ ನಿಯಮ. ಇದನ್ನು ಆಲ್ಬಮ್ಮಿನ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ.

ನಿಜವಾದ ನೋಟೋ, ಬರೀ ಚಿತ್ರವೋ?

ನನ್ನ ದೊಡ್ಡಪ್ಪನ ಮಗ ಪೇಟೆಯ ಒಂದು ಪ್ರದರ್ಶನದಲ್ಲಿ 300 ರೂಪಾಯಿ ಕೊಟ್ಟು ಪೆಂಗ್ವಿನ್ ಚಿತ್ರದ ಅಂಟಾರ್ಕ್ಟಿಕಾ ಡಾಲರ್ ತಂದ. ಮಾರಿದವರು ಸರ್ಕಾರದ ನೋಟು ಅಂದಿದ್ದರಂತೆ. ನಾವು ಸಮಾಜ ವಿಜ್ಞಾನದಲ್ಲಿ ಓದಿದಂತೆ ಅಂಟಾರ್ಕ್ಟಿಕಾದಲ್ಲಿ ಸರ್ಕಾರವೇ ಇಲ್ಲ. 1959ರ ಒಪ್ಪಂದದಂತೆ ದೇಶಗಳು ಅಲ್ಲಿ ಶಾಂತಿಯಿಂದ ಸಂಶೋಧನೆ ಮಾಡುತ್ತವೆ. ಮತ್ತೆ ನೋಟು ಯಾರು ಹೊರಡಿಸಿದರು? ಖಾಸಗಿಯವರು 1996ರಿಂದ ಅಚ್ಚು ಹಾಕಿ ಮಾರುವ ನೆನಪಿನ ಕಾಗದ ಅದು. ಹೀಗೆಯೇ ದ್ವೀಪಗಳ ಹೆಸರಿನಲ್ಲೂ ಕಲ್ಪನೆಯ ನೋಟುಗಳು ಬರುತ್ತವೆ. ಚಿತ್ರವೆಂದು ಕೊಂಡರೆ ತಪ್ಪಿಲ್ಲ. ಹಣವೆಂದು ನಂಬಿ ಕೊಂಡರೆ ಮೋಸ. ಆದ್ದರಿಂದ ಹೀಗೆ ಪರೀಕ್ಷೆ ಮಾಡಿ:

1) ಹೊರಡಿಸಿದವರು ಯಾರು? ಸರ್ಕಾರ, ಖಜಾನೆ ಅಥವಾ ಅಧಿಕೃತ ಬ್ಯಾಂಕಿನ ಹೆಸರು, ಅಧಿಕಾರಿಯ ಸಹಿ ಇದೆಯೇ?
2) ಆ ಜಾಗದಲ್ಲಿ ಜನ, ಸರ್ಕಾರ, ಕಾನೂನು ಇದೆಯೇ? ಅಟ್ಲಾಸ್ ನೋಡಿ.
3) ಕಾಗದದ ನೋಟಾದರೆ ಬೆಳಕಿಗೆ ಹಿಡಿದಾಗ ನೀರ್ಗುರುತು, ದಾರ ಕಾಣುತ್ತದೆಯೇ?
4) ನೋಟಿಗೆ ಪಿಕ್ ನಂಬರ್ ಇದೆಯೇ? ಆಲ್ಬರ್ಟ್ ಪಿಕ್ ಎಂಬವರು ಜಗತ್ತಿನ ನೋಟುಗಳಿಗೆ ದೇಶವಾರು ಕ್ರಮಸಂಖ್ಯೆ ಕೊಟ್ಟರು. ಅನೇಕ ಸಂಗ್ರಹಕಾರರು ಅದನ್ನು ಬಳಸುತ್ತಾರೆ.

ನೋಟುಗಳ ಜೋಪಾನ

ನಮ್ಮ ಕಡಲತೀರದ ಮಳೆಗಾಲದಲ್ಲಿ ಗೋಡೆಗೇ ಬೂಷ್ಟು ಬರುತ್ತದೆ, ಇನ್ನು ನೋಟಿನ ಪಾಡೇನು? ಕೈ ತೊಳೆದು ಒಣಗಿಸಿ, ಅಂಚು ಹಿಡಿದು ಎತ್ತಬೇಕು. ಗೋಂದು, ಸೆಲ್ಲೋಟೇಪು, ಪಿನ್ನು ಕೂಡದು. ಲ್ಯಾಮಿನೇಷನ್ ಮಾಡಿಸಬಾರದು, ನೋಟು ಮತ್ತೆ ಹೊರಗೆ ಬರುವುದಿಲ್ಲ. ತೊಳೆದು ಇಸ್ತ್ರಿ ಹಾಕಬಾರದು, ಮಡಿಕೆಯಿಲ್ಲದ ಹೊಸ ನೋಟಿನ ಬೆಲೆಯೇ ಬೇರೆ. ಜಿಗುಟಾಗುವ ಅಗ್ಗದ ಪ್ಲಾಸ್ಟಿಕ್ ಹಾಳೆಯೂ ಬೇಡ. ಒಳ್ಳೆಯ ಹಾಳೆ ಸಿಗದಿದ್ದರೆ ಸ್ವಚ್ಛವಾದ ಬಿಳಿ ಕಾಗದದ ಮಡಿಕೆಯೊಳಗೆ, ದಪ್ಪ ಪುಸ್ತಕದ ನಡುವೆ ಇಡಿ. ಬಿಸಿಲು ಬಿದ್ದ ದಿನ ನೆರಳಿನಲ್ಲಿ ಗಾಳಿಗೆ ತೆರೆದಿಡಿ. ಪಕ್ಕದಲ್ಲಿ ಒಂದು ಚೀಟಿಯಲ್ಲಿ ಊರು, ವರ್ಷ, ಯಾವುದರ ನೆನಪು, ಯಾರು ಕೊಟ್ಟರು ಎಂದು ಬರೆದಿಡಿ.

ಉಪಸಂಹಾರ

ನನ್ನ ಹತ್ತಿರ ಇರುವುದು ಏಳೇ ನೋಟು. ಅದರಲ್ಲಿ ಸ್ಮರಣಾರ್ಥ ನೋಟು ಎರಡು. ಆದರೂ ಅವುಗಳಿಂದ ಇತಿಹಾಸ, ಭೂಗೋಳ, ಲೆಕ್ಕ ಮೂರೂ ಕಲಿತೆ. ಪ್ರತಿ ನೋಟಿಗೂ ನಾನು ಎರಡು ಪ್ರಶ್ನೆ ಕೇಳುತ್ತೇನೆ. ನೀನು ಯಾವ ನೆನಪನ್ನು ಹೇಳುತ್ತೀ? ನಿನ್ನ ಹಿಂದೆ ಯಾರ ಮಾತು ಇದೆ? ಎರಡಕ್ಕೂ ಉತ್ತರ ಸಿಕ್ಕರೆ ಅದು ಸಂಗ್ರಹಕ್ಕೆ ಯೋಗ್ಯವಾದ ನೋಟು. ಮಡಚಿದರೆ ಗೆಲುವಿನ ಗುರುತಾಗುವ ಆರು ಪೆನ್ನಿಯ ನೋಟು ನನ್ನ ಹತ್ತಿರ ಇಲ್ಲ. ಆದರೆ ಅದರ ಕಥೆ ಈಗ ನಿಮ್ಮೆಲ್ಲರ ಹತ್ತಿರ ಇದೆ. ಕಥೆ ಸಂಗ್ರಹಿಸಲು ದುಡ್ಡು ಬೇಡ.

ಉತ್ತರ ಹೇಳಿ ನೋಡೋಣ:

1) 1941ರಲ್ಲಿ ಜೆರ್ಸಿಯಲ್ಲಿ ಚಿಲ್ಲರೆ ಕಡಿಮೆಯಾಗಲು ಒಂದು ಕಾರಣ ಕೊಡಿ.
2) 5 ಡಾಲರಿನ ನೋಟನ್ನು ಅಚ್ಚು ಹಾಕಲು 50 ಸೆಂಟ್ ಖರ್ಚು. ಇಂಥ 1,000 ನೋಟುಗಳು ಆಲ್ಬಮ್ಮಿನಲ್ಲೇ ಉಳಿದರೆ ದ್ವೀಪಕ್ಕೆ ಉಳಿಯುವ ಹಣ ಎಷ್ಟು?
3) ನಮ್ಮ 10 ರೂಪಾಯಿ ನೋಟಿನ ಹಿಂದಿನ ಭಾಷಾಪಟ್ಟಿಯಲ್ಲಿ ಕನ್ನಡ ಎಷ್ಟನೇ ಸಾಲಿನಲ್ಲಿದೆ?

ಮಾಡಿ ನೋಡಿ: ನಮ್ಮ ಊರಿಗೇ ಒಂದು ಸ್ಮರಣಾರ್ಥ ನೋಟು ಇದ್ದಿದ್ದರೆ ಅದರಲ್ಲಿ ಯಾರ ಚಿತ್ರ, ಯಾವ ಘಟನೆ ಇರಬೇಕು? ಅರ್ಧ ಹಾಳೆಯಲ್ಲಿ ಬರೆದು ಅಕ್ಕೋರ ಮೇಜಿನ ಮೇಲಿನ ಡಬ್ಬಿಗೆ ಹಾಕಿ. ಒಳ್ಳೆಯದನ್ನು ಮುಂದಿನ ತಿಂಗಳು ಇಲ್ಲೇ ಅಂಟಿಸುತ್ತೇವೆ.

– 7ನೇ ತರಗತಿಯ ವಿದ್ಯಾರ್ಥಿನಿ